ಪದಚರ್ಚೆ: ರೆಗಟ್ಟಾ ವಾಚಿನ 'ಕೌಂಟ್‌ಡೌನ್' ಕ್ಷಣಗಣನೆಯೋ, ಇಳಿಯೆಣಿಕೆಯೋ?

ಪ್ರಶ್ನೆ – ಮಂಗಳೂರು

ರೆಗಟ್ಟಾ ಎಂದರೆ ಹಾಯಿದೋಣಿ ಪಂದ್ಯ. ಆ ಪಂದ್ಯದವರಿಗೆಂದೇ ಹುಟ್ಟಿದ ಎರಡು ದುಬಾರಿ ಕೈಗಡಿಯಾರಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಮೂರು ಪದಗಳು ತೊಡಕಾಗಿವೆ. ಒಂದು ಗಡಿಯಾರ 1968ರ ಹೋಯರ್ ಸ್ಕಿಪ್ಪರ್. 1967ರಲ್ಲಿ ಅಮೆರಿಕಾಸ್ ಕಪ್ ಗೆದ್ದ 'ಇಂಟ್ರೆಪಿಡ್' ನೌಕೆಯ ನೆನಪಿಗೆ ಬಂದದ್ದು, ಈಗ ಕಾಣಸಿಗುವುದೇ ಅಪರೂಪ. ಇನ್ನೊಂದು 2007ರ ರೋಲೆಕ್ಸ್ ಯಾಟ್-ಮಾಸ್ಟರ್ 2. ಸದ್ಯಕ್ಕೆ ಕೌಂಟ್‌ಡೌನ್‌ಗೆ 'ಕ್ಷಣಗಣನೆ', ಫ್ಲೈಬ್ಯಾಕ್‌ಗೆ (ಓಡುವ ಮುಳ್ಳನ್ನು ಒಂದೇ ಒತ್ತಿಗೆ ಸೊನ್ನೆಗೆ ತಂದು ಮತ್ತೆ ಓಡಿಸುವುದಕ್ಕೆ) 'ಹಿಮ್ಮರಳಿಕೆ', ಯಾಟ್‌ಗೆ 'ವಿಹಾರನೌಕೆ' ಎಂದು ಬರೆದಾಗಿದೆ. ಸಿದ್ಧವಾದ ವಾಕ್ಯ ಹೀಗಿದೆ: "ವಿಹಾರನೌಕೆಯ ಕ್ಷಣಗಣನೆ ನಡೆಯುವಾಗ ಗುಂಡಿ ಒತ್ತಿದರೆ ಮುಳ್ಳು ಹಿಮ್ಮರಳುತ್ತದೆ." ವ್ಯಾಕರಣ ಸರಿ, ಅರ್ಥ ಮಾತ್ರ ಆಗುವುದಿಲ್ಲ. ದೋಣಿ ನಿಲ್ಲುವ ದಕ್ಕೆಯಲ್ಲಿ ನಿಂತವರಿಗೂ ತಿಳಿಯುವ ಪದಗಳು ಬೇಕು.

ಉತ್ತರ – ಮಲ್ಪೆ

ಕ್ಷಣಗಣನೆ ಬೇಡ ಮಾರಾಯ್ರೇ. 'ಮತ ಎಣಿಕೆಗೆ ಕ್ಷಣಗಣನೆ', 'ರಥೋತ್ಸವಕ್ಕೆ ಕ್ಷಣಗಣನೆ' ಎಂದು ಓದಿ ಓದಿ ಆ ಪದಕ್ಕೆ 'ಇನ್ನೇನು ಶುರುವಾಗಲಿದೆ' ಎಂಬಷ್ಟೇ ಅರ್ಥ ಉಳಿದಿದೆ. ಲೆಕ್ಕ ಮೇಲೇರುತ್ತಿದೆಯೋ ಕೆಳಗಿಳಿಯುತ್ತಿದೆಯೋ ಎನ್ನುವುದು ಅದರಲ್ಲಿಲ್ಲ. ಈ ವಾಚಿನಲ್ಲಿ ಮುಖ್ಯವಾದದ್ದೇ ಅದು. 'ಇಳಿಯೆಣಿಕೆ' ಎನ್ನಿ.

ಯಾಕೆಂದರೆ, ಕಂಬಳದಲ್ಲಿ ಕೋಣಗಳನ್ನು ಗಂತಿನಲ್ಲಿ (ಓಟ ಶುರುವಾಗುವ ತುದಿಯಲ್ಲಿ) ಹಿಡಿದು ನಿಲ್ಲಿಸಿ ಬಿಡಬಹುದು. ಹಾಯಿ ಏರಿಸಿದ ದೋಣಿಗೆ ಬ್ರೇಕಿಲ್ಲ, ಹಿಡಿಯುವವರೂ ಇಲ್ಲ. ತೀರ್ಪುಗಾರರ ದೋಣಿಗೂ ಒಂದು ಬೋಯೆಗೂ (ನೀರಲ್ಲಿ ತೇಲುವ ಗುರುತಿಗೂ) ನಡುವಿನ ಕಣ್ಣಳತೆಯ ಗೆರೆಯೇ ಆರಂಭದ ಗೆರೆ. ದೋಣಿಗಳು ಅದರ ಹಿಂದೆ ಸುತ್ತು ಹಾಕುತ್ತಾ ಇದ್ದು, ಸೊನ್ನೆಯ ಹೊತ್ತಿಗೆ ಪೂರ್ತಿ ವೇಗದಲ್ಲಿ ಗೆರೆ ಮುಟ್ಟಬೇಕು. ಒಂದು ಸೆಕೆಂಡು ಮೊದಲೇ ದಾಟಿದರೂ ಹಿಂದೆ ಬಂದು ಮತ್ತೆ ದಾಟಬೇಕು. ಹತ್ತು ಸೆಕೆಂಡು ತಡವಾದರೆ ಮುಂದಿನ ಹಾಯಿಗಳು ಕದಡಿದ ಗಾಳಿಯೇ ಪಾಲಿಗೆ. ಈಗಿನ ರೂಢಿಯ ಕ್ರಮ 5-4-1-0 (ಓಟಕ್ಕೆ ಉಳಿದ ನಿಮಿಷಗಳು): ಐದು ನಿಮಿಷಕ್ಕೆ ಎಚ್ಚರಿಕೆಯ ಬಾವುಟ, ನಾಲ್ಕಕ್ಕೆ ಸಿದ್ಧತೆಯದು (ಸಾಮಾನ್ಯವಾಗಿ ನೀಲಿಯ ನಡುವೆ ಬಿಳಿ ಚೌಕ), ಒಂದು ನಿಮಿಷಕ್ಕೆ ಅದು ಇಳಿಯುತ್ತದೆ, ಸೊನ್ನೆಗೆ ಓಟ.

ಬಾವುಟದ ಜೊತೆ ಸದ್ದೂ ಇರುತ್ತದೆ. ಆದರೆ ನಿಯಮದ ಪ್ರಕಾರ ಕಾಲ ಹಿಡಿಯಬೇಕಾದದ್ದು ಬಾವುಟದಿಂದಲೇ. ಸದ್ದು 340 ಮೀಟರ್ ದಾಟಲು ಸುಮಾರು ಒಂದು ಸೆಕೆಂಡು ಬೇಕು. ದೂರದ ದೋಣಿಯಲ್ಲಿ ಕಿವಿ ನಂಬಿ ಗುಂಡಿ ಒತ್ತಿದರೆ ಅಷ್ಟೂ ತಪ್ಪು ವಾಚಿನೊಳಗೆ ಹೋಗಿ ಕೂರುತ್ತದೆ.

ಒಂದು ಎಚ್ಚರಿಕೆ: 'ಇಳಿಯೆಣಿಕೆ' ಹೋಯರ್ ಸ್ಕಿಪ್ಪರಿಗೆ ಹೊಂದುವುದಿಲ್ಲ. ಅದರ ಚಿಕ್ಕ ಡಯಲಿನಲ್ಲಿ 15 ನಿಮಿಷವನ್ನು ಐದೈದರ ಮೂರು ಬಣ್ಣದ ಪಾಲು ಮಾಡಿದ್ದಾರೆ. ಮುಳ್ಳು ಎಲ್ಲ ಸ್ಟಾಪ್‌ವಾಚಿನಂತೆ ಮುಂದಕ್ಕೇ ಹೋಗುತ್ತದೆ. ಎಷ್ಟು ಉಳಿಯಿತೆಂಬುದನ್ನು ಬಣ್ಣ ನೋಡಿ ಅರಿಯಬೇಕು. ಅಲ್ಲಿ 'ಮೂರು ಬಣ್ಣದ 15 ನಿಮಿಷದ ಎಣಿಕೆ' ಎಂದರೆ ಸಾಕು.

ಉತ್ತರ – ಉಡುಪಿ

ಇಳಿಯೆಣಿಕೆಗೆ ನನ್ನ ಒಪ್ಪಿಗೆಯಿದೆ. 'ಹಿಮ್ಮರಳಿಕೆ' ಮಾತ್ರ ಕೆಲಸವನ್ನೇ ತಪ್ಪಾಗಿ ಹೇಳುತ್ತದೆ. ಮಾಮೂಲಿ ಸ್ಟಾಪ್‌ವಾಚಿನಲ್ಲಿ ನಿಲ್ಲಿಸು, ಸೊನ್ನೆಗೆ ತಾ, ಮತ್ತೆ ಓಡಿಸು ಎಂದು ಮೂರು ಸಲ ಒತ್ತಬೇಕು; ಫ್ಲೈಬ್ಯಾಕ್ ಇದ್ದರೆ ಒಂದೇ ಸಲ. ಅಲ್ಲಿಗೆ 'ಹಿಮ್ಮರಳಿಕೆ' ನಡೆದೀತು. ಯಾಟ್-ಮಾಸ್ಟರ್ 2ರಲ್ಲಿ ಓಟದ ನಡುವೆ ಕೆಳಗಿನ ಗುಂಡಿ ಒತ್ತಿದಾಗ ಸೆಕೆಂಡಿನ ಮುಳ್ಳು ಸೊನ್ನೆಗೆ ಬರುತ್ತದೆ, ಆದರೆ ನಿಮಿಷದ ಮುಳ್ಳು ತೀರ ಹತ್ತಿರದ ಪೂರ್ಣ ನಿಮಿಷಕ್ಕೆ ಹಾರುತ್ತದೆ. ಅದು ಹಿಂದಕ್ಕೂ ಇರಬಹುದು, ಮುಂದಕ್ಕೂ ಇರಬಹುದು.

ಉದಾಹರಣೆಗೆ, ಐದರ ಬಾವುಟಕ್ಕೆ ನೀವು 20 ಸೆಕೆಂಡು ತಡವಾಗಿ ಒತ್ತಿದ್ದೀರಿ. ನಾಲ್ಕರ ಬಾವುಟ ಏರಿದಾಗ ವಾಚು 4 ನಿಮಿಷ 20 ಸೆಕೆಂಡು ತೋರಿಸುತ್ತದೆ. ಆಗ ಕೆಳಗುಂಡಿ ಒತ್ತಿದರೆ ಸರಿಯಾಗಿ 4ಕ್ಕೆ ಬಂದು ಇಳಿಯೆಣಿಕೆ ಮುಂದುವರಿಯುತ್ತದೆ. ಅದೇ 40 ಸೆಕೆಂಡು ತಡವಾಗಿದ್ದರೆ ವಾಚು 4 ನಿಮಿಷ 40ರಲ್ಲಿ ಇರುತ್ತದೆ. ಒತ್ತಿದರೆ 5ಕ್ಕೆ ಹೋಗಿ ತಪ್ಪು ಒಂದು ನಿಮಿಷವಾಗುತ್ತದೆ. ಅರ್ಧ ನಿಮಿಷದೊಳಗಿನ ತಪ್ಪನ್ನಷ್ಟೇ ಅದು ತಿದ್ದಬಲ್ಲದು. ಆದ್ದರಿಂದ ಇದಕ್ಕೆ ಕನ್ನಡದ ಮಾತು 'ತಾಳೆ ಮಾಡುವುದು'. ಲೆಕ್ಕ ತಾಳೆ ನೋಡುತ್ತೇವಲ್ಲ, ಅದೇ ಕೆಲಸ. 'ತಾಳೆಗುಂಡಿ' ಎಂದು ಸಮಾಸ ಮಾಡಬೇಡಿ, ನಮ್ಮ ಕಡೆ ಮರ ನೆನಪಾಗುತ್ತದೆ.

ಡಯಲಿನ ಸುತ್ತ ಇರುವ ಬೆಜೆಲ್‌ಗೆ 'ಸುತ್ತುಬಳೆ' ಎನ್ನಬಹುದು, ಆದರೆ ಮುಳುಗುಗಾರರ ವಾಚಿನ ಬಳೆಯೊಂದಿಗೆ ಬೆರೆಸಬೇಡಿ. ಅದು ಒಂದೇ ಕಡೆಗೆ ತಿರುಗುವ ಗುರುತಿನ ಬಳೆ, ಒಳಗಿನ ಯಂತ್ರಕ್ಕೆ ಸಂಬಂಧವಿಲ್ಲ. ಯಾಟ್-ಮಾಸ್ಟರ್ 2ರಲ್ಲಿ ಬಳೆಯೇ ಯಂತ್ರದ ಕೀಲಿ: 90 ಡಿಗ್ರಿ ತಿರುಗಿಸಿದರೆ ಮಾತ್ರ ಇಳಿಯೆಣಿಕೆಯನ್ನು 1ರಿಂದ 10 ನಿಮಿಷದೊಳಗೆ ಎಷ್ಟಕ್ಕಾದರೂ ಇಡಬಹುದು. ಬಳೆ ಹಿಂದಕ್ಕೆ ತಿರುಗಿಸಿದ ಮೇಲೆ ಆ ಅಂಕಿಯನ್ನು ಯಂತ್ರ ನೆನಪಿಟ್ಟುಕೊಳ್ಳುತ್ತದೆ. ಅಂಕಿ ಇಡಲು ಸಡಿಲಿಸಿದ, ಕೀ ಕೊಡುವ ತಿರುಪನ್ನು ಮತ್ತೆ ಬಿಗಿ ಮಾಡಲೇಬೇಕು. ಸಡಿಲ ಬಿಟ್ಟರೆ 100 ಮೀಟರ್ ನೀರು ತಡೆಯುವ ವಾಚೂ ನೀರು ಕುಡಿದೀತು.

'ವಿಹಾರನೌಕೆ'ಯನ್ನು ಮೋಟಾರು ಯಾಟ್‌ಗೆ ಮೀಸಲಿಡಿ. ಯಾಟ್ ಎಂಬ ಪದದ ಡಚ್ ಮೂಲದಲ್ಲೇ ಬೇಟೆ, ಬೆನ್ನಟ್ಟುವುದು ಎಂಬ ಅರ್ಥವಿದೆ. ವಿಹಾರ ಆಮೇಲೆ ಸೇರಿದ್ದು. ಇಲ್ಲಿ 'ಪಂದ್ಯದ ಹಾಯಿದೋಣಿ' ಸರಿ. ಮಂಜಿ, ಪತ್ತೆಮಾರಿ ಚಂದದ ಪದಗಳು, ಆದರೆ ಆ ಹಾಯಿಹಡಗುಗಳು ಸರಕು ಹೊತ್ತವು. ಸ್ಕಿಪ್ಪರ್ ಎಂದರೆ ದೋಣಿ ನಡೆಸುವವ, ನಮ್ಮ ತಂಡೇಲ. ವಾಚಿನ ಹೆಸರಾಗಿ ಮಾತ್ರ 'ಸ್ಕಿಪ್ಪರ್' ಹಾಗೇ ಇರಲಿ. ವೆನಿಸಿನಿಂದ ಬಂದ 'ರೆಗಟ್ಟಾ'ವನ್ನೂ ಮುಟ್ಟಬೇಡಿ.

ಮರುಪ್ರಶ್ನೆ – ಮಂಗಳೂರು

ಇಬ್ಬರಿಗೂ ವಂದನೆ. ವಾಕ್ಯ ಈಗ ಹೀಗಾಗಿದೆ: "ಇಳಿಯೆಣಿಕೆ ನಡೆಯುತ್ತಿರುವಾಗಲೇ ತಂಡೇಲ ಬಾವುಟ ನೋಡಿ ಕೆಳಗಿನ ಗುಂಡಿ ಒತ್ತಿ ವಾಚನ್ನು ತಾಳೆ ಮಾಡುತ್ತಾನೆ." ತಂಡೇಲ ಎಂದರೆ ಮೀನುಗಾರಿಕೆಯ ಬೋಟೇ ಕಣ್ಣಿಗೆ ಬರುವುದಿಲ್ಲವೇ?

ಉತ್ತರ – ಮಲ್ಪೆ

ಬರಲಿ. ಗಾಳಿ ನೋಡಿ ದೋಣಿ ನಡೆಸುವ ಹೊಣೆ ಎರಡು ಕಡೆಯೂ ಒಂದೇ.