ಅಪ್‌ಡೇಟ್: ಅತ್ತೆಯ ಕಣ್ಣಿನ ಆಪರೇಷನ್ ಆಯಿತು

ಇನ್ಶೂರೆನ್ಸ್ ಇಲ್ಲದ ಅತ್ತೆಗೆ ಕಡಿಮೆ ಖರ್ಚಿನಲ್ಲಿ ಕಣ್ಣಿನ ಪೊರೆ ತೆಗೆಸುವುದು ಹೇಗೆ ಅಂತ ಕೇಳಿದ್ದೆನಲ್ಲ, ಹೋದ ವಾರ ಒಂದು ಕಣ್ಣಿನದು ಮುಗಿಯಿತು. ನೀವು ಹೇಳಿದಂತೆ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೇ ಹೋದೆವು. ಆದಾಯದ ಕಾಗದ ತೋರಿಸಿದ ಮೇಲೆ ಬಿಲ್ ಅರ್ಧಕ್ಕಿಂತ ಕೆಳಗಿಳಿಯಿತು.

ಮೊದಲು ನೋಡಿದ ಕ್ಲಿನಿಕ್‌ನವರು ಪೊರೆ ತೆಗೆದ ಮೇಲೆ ಕಣ್ಣೊಳಗೆ ಹಾಕಲು ದೂರದ್ದು, ಹತ್ತಿರದ್ದು ಎರಡೂ ಕಾಣಿಸುವ ದುಬಾರಿ ಮಲ್ಟಿಫೋಕಲ್ ಲೆನ್ಸೇ ಬೇಕು ಅಂದಿದ್ದರು. ಸುಮ್ನೆ ಹೆದರಿದ್ದೆವು! ಒಂದೇ ದೂರಕ್ಕೆ ಹೊಂದುವ ಸಾದಾ ಮೊನೊಫೋಕಲ್ ಲೆನ್ಸ್ ಸಾಕಾಯಿತು. ದೂರದ್ದು ಚೆನ್ನಾಗಿ ಕಾಣುತ್ತದೆ, ಓದಲು ಮಾತ್ರ ಕನ್ನಡಕ ಬೇಕು. ಅರ್ಧ ಗಂಟೆಯೊಳಗೆ ಆಪರೇಷನ್ ಮುಗಿದು, ಅದೇ ದಿನ ಮನೆಗೆ ಬಂದೆವು.

ಒಂದು ಮಾತು: ಆಮೇಲೆ ವಾರಗಟ್ಟಲೆ ಹಾಕುವ ಡ್ರಾಪ್ಸ್, ಮತ್ತೆ ತೋರಿಸುವ ಖರ್ಚು ಬಿಲ್‌ನಲ್ಲಿ ಸೇರಿದೆಯಾ ಅಂತ ಮೊದಲೇ ಕೇಳಿ. ನಾವು ಕೇಳಿರಲಿಲ್ಲ.

ಅತ್ತೆಯಂತೂ ಗೋಡೆ ಇಷ್ಟು ಬಿಳಿಯಾ ಅಂತ ಬೆರಗಾಗಿದ್ದಾರೆ. ಇನ್ನೊಂದು ಕಣ್ಣು ಮುಂದಿನ ತಿಂಗಳು.