ಅಪ್‌ಡೇಟ್: ಚಳಿಗೆ ಹಳದಿಯಾಗಿದ್ದ ಭತ್ತದ ಸಸಿಮಡಿಗೆ ಸಮುದ್ರ ಪಾಚಿಯ ಸಾರ

ಗಂಗಾವತಿ ಭಾಗದ ನಮ್ಮ ಬೇಸಿಗೆ ಭತ್ತದ ಸಸಿಮಡಿ ಡಿಸೆಂಬರ್ ಚಳಿಗೆ ಹಳದಿ ತಿರುಗಿದಾಗ, ಸಮುದ್ರ ಪಾಚಿಯ ಸಾರ ಸಿಂಪಡಿಸಬಹುದೇ ಎಂದು ಕೇಳಿದ್ದೆ. ನಿಮ್ಮ ಸಲಹೆಯಂತೆ ಒಂದು ಮಡಿಯನ್ನು ಹೋಲಿಕೆಗೆಂದು ಬಿಟ್ಟು ಉಳಿದವಕ್ಕೆ ಸಿಂಪಡಿಸಿದೆ. ಆಗಲೇ ಬಿಳಿಚಿಕೊಂಡಿದ್ದ ಎಲೆಗಳು ಮತ್ತೆ ಹಸಿರಾಗಲಿಲ್ಲ; ಆದರೆ ತಡವಾಗಿ ಬಿತ್ತಿದ ಮಡಿಗೆ ಚಳಿ ಬಿಗಿಯಾಗುವ ಮೊದಲೇ ಸಿಂಪಡಿಸಿದ್ದರಿಂದ ಅಲ್ಲಿ ಎಲೆಯ ತುದಿಯಷ್ಟೇ ಹಳದಿಯಾಗಿ ಸುಳಿ ಹಸಿರಾಗಿಯೇ ಉಳಿಯಿತು, ಕಿತ್ತು ನೋಡಿದಾಗ ಹೊಸ ಬಿಳಿ ಬೇರುಗಳೂ ಹೆಚ್ಚಿದ್ದವು. ಇಂಥ ಜೈವಿಕ ಉತ್ತೇಜಕಗಳು ಗೊಬ್ಬರದಂತೆ ಪೋಷಕಾಂಶ ಉಣಿಸುವುದಕ್ಕಿಂತ, ಪ್ರೋಲೀನ್‌ನಂತಹ ರಕ್ಷಕ ವಸ್ತುಗಳನ್ನು ಸಸಿ ತಾನೇ ಕೂಡಿಸಿಕೊಳ್ಳುವಂತೆ ಪ್ರಚೋದಿಸುವುದರಿಂದ, ಚಳಿಗೆ ಮುಂಚೆ ಕೊಡುವುದೇ ಸರಿ. ಆದರೂ ಸಂಜೆ ಬೋರ್‌ವೆಲ್‌ನ ಬೆಚ್ಚಗಿನ ನೀರು ನಿಲ್ಲಿಸಿ, ತಣ್ಣಗಾದ ಆ ನೀರನ್ನು ಬೆಳಿಗ್ಗೆ ಬಸಿದದ್ದೇ ಎಲ್ಲ ಮಡಿಗಳಿಗೂ ಹೆಚ್ಚು ನೆರವಾಯಿತೆಂಬುದು ನನ್ನ ದೃಢ ಅಭಿಪ್ರಾಯ. ನಾಟಿ ಈಗ ನಡೆಯುತ್ತಿದೆ.