ಎಡ ಮುಂದಿನ ಪವರ್ ವಿಂಡೋ ಅರ್ಧಕ್ಕೇ ನಿಂತಿದೆ, ಮೋಟಾರ್ ಬದಲಿಸಬೇಕಾ?

ಪ್ರಶ್ನೆ (ಮಂಡ್ಯ): ನಮಸ್ಕಾರ ಅಣ್ಣ. 2009ರ ಹ್ಯಾಚ್‌ಬ್ಯಾಕ್. ಎಡಗಡೆ ಮುಂದಿನ ಗ್ಲಾಸ್ ಇಳಿಯೋದು ಸಲೀಸಾಗಿ ಇಳೀತು, ಮೇಲಕ್ಕೆ ಬರುವಾಗ ಅರ್ಧಕ್ಕೆ ನಿಂತುಬಿಟ್ಟಿದೆ. ಡ್ರೈವರ್ ಕಡೆ ಸ್ವಿಚ್ಚಲ್ಲೂ ಅಷ್ಟೆ, ಆ ಬಾಗಿಲಿನ ಸ್ವಿಚ್ಚಲ್ಲೂ ಅಷ್ಟೆ. ಇಲ್ಲಿ ಗ್ಯಾರೇಜಲ್ಲಿ ಮೋಟಾರ್ ಹೋಗಿದೆ, ಗ್ಲಾಸ್ ಎತ್ತಿ ಇಳಿಸೋ ಮೆಷಿನ್ ಸಮೇತ ಹಾಕ್ಬೇಕು ಅಂತಿದ್ದಾರೆ. ಸಂಜೆ ಮಳೆ ಬರೋ ಹಾಗಿದೆ, ಏನು ಮಾಡಲಿ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಮೈಸೂರು): ಇಳಿಯುವಾಗ ಸರಿಯಾಗಿ ಓಡೋ ಮೋಟಾರನ್ನ ಹೋಗಿದೆ ಅನ್ನೋಕೆ ಇಷ್ಟು ಬೇಗ ಆಗಲ್ಲ. ಮೊದಲು ಮಳೆ ಕೆಲಸ ಮುಗಿಸಿ. ಇಂಜಿನ್ ಸ್ಟಾರ್ಟ್ ಮಾಡಿ, ಒಬ್ಬರು ಸ್ವಿಚ್ ಒತ್ತಲಿ, ಇನ್ನೊಬ್ಬರು ಗ್ಲಾಸಿನ ಒಳಗೊಂದು ಹೊರಗೊಂದು ಅಂಗೈ ಒತ್ತಿ ಹಿಡಿದು ಮೇಲಕ್ಕೆ ಎತ್ತಿ. ಮೂರು ನಾಲ್ಕು ಸೆಕೆಂಡಿಗಿಂತ ಜಾಸ್ತಿ ಒತ್ತಬೇಡಿ. ಮೋಟಾರ್ ಒಳಗೆ ಶಾಖಕ್ಕೆ ಕಟ್ ಆಗೋ ರಕ್ಷಣೆ ಇರುತ್ತೆ, ಅದು ಬಿಟ್ಟುಕೊಂಡರೆ ಪೂರ್ತಿ ಸತ್ತ ಹಾಗೆ ಕಾಣುತ್ತೆ. ಹಾಗಾದರೆ ಹತ್ತು ನಿಮಿಷ ತಣಿಯಲು ಬಿಡಿ.

ಒತ್ತಿದಾಗ ಏನಾಗುತ್ತೆ ನೋಡಿ ಹೇಳಿ. ಒಳಗಿನ ಲೈಟ್ ಸ್ವಲ್ಪ ಮಂಕಾದರೆ ಕರೆಂಟ್ ಹರೀತಿದೆ, ಗ್ಲಾಸ್ ಸಿಕ್ಕಿಕೊಂಡಿದೆ ಅಥವಾ ಬಲ ಸಾಲ್ತಿಲ್ಲ. ಮಂಕೂ ಆಗದೆ ಸದ್ದೂ ಬರದಿದ್ದರೆ ಫ್ಯೂಸ್, ಸ್ವಿಚ್, ವೈರ್. ಮೋಟಾರ್ ಗುಯ್ ಅಂತ ತಿರುಗಿ ಗ್ಲಾಸ್ ಕದಲದಿದ್ದರೆ ಮೆಷಿನ್ ಕೇಬಲ್ ಕಿತ್ತಿದೆ ಇಲ್ಲ ಗ್ಲಾಸ್ ಹಿಡಿಯೋ ಪ್ಲಾಸ್ಟಿಕ್ ತುಂಡಾಗಿದೆ. ಕಟಕಟ ಅಂದರೆ ಕೇಬಲ್ ಎಳೆ ಬಿಚ್ಚಿ ಡ್ರಮ್ಮಿಗೆ ಸುತ್ತಿಕೊಂಡಿದೆ, ಅಥವಾ ಗೇರ್ ಹಲ್ಲು ಸವೆದಿದೆ.

ಪ್ರಶ್ನೆ ಕೇಳಿದವರು: ಎತ್ತಿ ಹಿಡಿದು ಮುಚ್ಚಿದೆವು ಅಣ್ಣ. ಲೈಟ್ ಮಂಕಾಗುತ್ತೆ, ಸದ್ದು ಏನೂ ಕೆಟ್ಟದಿಲ್ಲ.

ಉತ್ತರ (ಬಾಗಿಲು, ಬೀಡಿಂಗ್ ಕೆಲಸದವರು, ಶ್ರೀರಂಗಪಟ್ಟಣ): ಹಾಗಿದ್ರೆ ಮೊದಲು ಗ್ಲಾಸಿನ ಅಂಚು ಜಾರೋ ರಬ್ಬರ್ ಚಾನೆಲ್ ನೋಡಿ. ಕಬ್ಬಿನ ಗಾಡಿಗಳ ಸೀಸನ್ನಿನಲ್ಲಿ ಓಡಾಡಿದ ಕಾರಿನ ಚಾನೆಲ್ ಒಳಗೆ ಧೂಳು ಮಳೆನೀರು ಸೇರಿ ಗಾರೆ ಥರ ಕೂತಿರುತ್ತೆ. ಗ್ಲಾಸ್ ಇಳಿಸಿ, ಚಪ್ಪಟೆ ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಎರಡೂ ಪಕ್ಕದ ಚಾನೆಲ್ ಉಜ್ಜಿ, ಬಟ್ಟೆಗೆ ಮಣ್ಣು ಹತ್ತೋದು ನಿಲ್ಲೋವರೆಗೂ. ಪೂರ್ತಿ ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ. ಗ್ರೀಸ್, ಇಂಜಿನ್ ಆಯಿಲ್, ತುಕ್ಕು ಬಿಡಿಸೋ ಸ್ಪ್ರೇ ಇವು ಯಾವುದೂ ಬೇಡ. ಎಣ್ಣೆಗೆ ರಬ್ಬರ್ ಊದಿಕೊಳ್ಳುತ್ತೆ, ಧೂಳೂ ಅಂಟುತ್ತೆ. ವಾರ ಚೆನ್ನಾಗಿ ಓಡಿ ಆಮೇಲೆ ಮೊದಲಿಗಿಂತ ಬಿಗಿ ಆಗುತ್ತೆ.

ಪ್ರಶ್ನೆ ಕೇಳಿದವರು: ಉಜ್ಜಿ ಸ್ಪ್ರೇ ಹೊಡೆದೆ. ಈಗ ಪೂರ್ತಿ ಏರುತ್ತೆ, ಆದರೆ ಮುದುಕರು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ ಹಾಗೆ. ಇಳಿಯೋದು ಮಾತ್ರ ಜೋರು. ಮೀಟರ್ ಇದೆ, ಎಲ್ಲಿ ಹಿಡಿಯಲಿ?

ಉತ್ತರ (ಎಲೆಕ್ಟ್ರಿಷಿಯನ್): ಭಾರ ಇರೋದಕ್ಕೆ ಏರೋದು ನಿಧಾನ ಅಂತ ಎಲ್ಲರೂ ಬಿಟ್ಟುಬಿಡ್ತಾರೆ. ಇಷ್ಟು ವ್ಯತ್ಯಾಸ ಭಾರದಿಂದ ಬರಲ್ಲ.

ಡೋರ್ ಪ್ಯಾಡ್ (ಬಾಗಿಲ ಒಳಗಡೆಯ ಹೊದಿಕೆ) ತೆಗೀರಿ. ಹಿಡಿಕೆ ಬಟ್ಟಲಲ್ಲಿ, ಲಾಕ್ ಹಿಡಿಯ ಹಿಂದೆ ಸ್ಕ್ರೂ ಇರುತ್ತೆ, ಆಮೇಲೆ ಕೆಳಗಿಂದ ಕ್ಲಿಪ್ ಒಂದೊಂದೇ ಬಿಡಿಸಿ ಮೇಲಕ್ಕೆತ್ತಿ. ಮೋಟಾರ್ ಕಪ್ಲರ್ (ವೈರ್ ಸೇರೋ ಪ್ಲಗ್) ಕಳಚಬೇಡಿ. ಕಳಚಿ ನೋಡಿದರೆ ಸ್ವಿಚ್ ಒಳಗಿನ ಸುಟ್ಟ ಕಾಂಟ್ಯಾಕ್ಟ್ (ಕರೆಂಟ್ ದಾಟಿಸೋ ಲೋಹದ ಚುಕ್ಕೆ) ಕೂಡ 12 ವೋಲ್ಟ್ ತೋರಿಸುತ್ತೆ, ಹೊರೆ ಬಿದ್ದಾಗಲೇ ಅದರ ಬಣ್ಣ ಬಯಲಾಗೋದು. ಕಪ್ಲರ್ ಹಿಂದಿನಿಂದ ವೈರ್ ಪಕ್ಕಕ್ಕೆ ಗುಂಡುಸೂಜಿ ತೂರಿಸಿ, ಇಂಜಿನ್ ಓಡ್ತಿರಲಿ, ಸ್ವಿಚ್ ಮೇಲಕ್ಕೆ ಒತ್ತಿಕೊಂಡೇ ಮೂರು ಅಳತೆ ತಗೊಳ್ಳಿ: ಮೋಟಾರಿನ ಎರಡು ವೈರ್ ನಡುವೆ, ಬ್ಯಾಟರಿ ಪ್ಲಸ್ಸಿಂದ ಮೋಟಾರಿನ ಪ್ಲಸ್ ವೈರಿಗೆ, ಮೋಟಾರಿನ ಇನ್ನೊಂದು ವೈರಿಂದ ಬ್ಯಾಟರಿ ಮೈನಸ್ಸಿಗೆ. ಮೀಟರ್ ವೈರ್ ಸಾಲದಿದ್ದರೆ ಉದ್ದದ ತುಂಡೊಂದು ಸೇರಿಸಿ.

ಪ್ರಶ್ನೆ ಕೇಳಿದವರು: ಬ್ಯಾಟರಿಯಲ್ಲಿ 13.9. ಮೋಟಾರಲ್ಲಿ 8.6. ಪ್ಲಸ್ ಕಡೆ 0.9, ಮೈನಸ್ ಕಡೆ 4.4. ಕೆಳಕ್ಕೆ ಒತ್ತಿದರೆ ಮೋಟಾರಲ್ಲಿ 12.1.

ಉತ್ತರ (ಎಲೆಕ್ಟ್ರಿಷಿಯನ್): ಸಿಕ್ತು. ಮೋಟಾರಿಗೆ ಸೇರಬೇಕಾದ ವೋಲ್ಟಲ್ಲಿ 4.4 ವಾಪಸ್ ದಾರಿಯಲ್ಲೇ ಕಳೆದುಹೋಗ್ತಿದೆ. ತಪ್ಪು ಮೋಟಾರಲ್ಲಿ ಇಲ್ಲ, ಬಹುಮಟ್ಟಿಗೆ ಡ್ರೈವರ್ ಕಡೆಯ ಸ್ವಿಚ್ಚಲ್ಲಿದೆ. ಹಳೆಯ ಎಷ್ಟೋ ಕಾರುಗಳಲ್ಲಿ ಮೋಟಾರಿಗೆ ಬೇರೆ ಅರ್ತ್ ಇರಲ್ಲ. ಸುಮ್ಮನಿದ್ದಾಗ ಎರಡು ವೈರೂ ಡ್ರೈವರ್ ಸ್ವಿಚ್ ಮೂಲಕ ಅರ್ತಿಗೆ ಕೂತಿರುತ್ತೆ. ಮೇಲಕ್ಕೆ ಒತ್ತಿದರೆ ಒಂದಕ್ಕೆ ಪ್ಲಸ್ ಹೋಗಿ, ಕರೆಂಟ್ ವಾಪಸ್ ಬರೋದು 'ಕೆಳಕ್ಕೆ' ಕಾಂಟ್ಯಾಕ್ಟ್ ಮೂಲಕ. ಆ ಕಾಂಟ್ಯಾಕ್ಟ್ ಕರಕಲಾಗಿದ್ದರೆ, ಎಡ ಬಾಗಿಲಿನ ಸ್ವಿಚ್ ಒತ್ತಿದರೂ ಅದೇ ದಾರಿ, ಅದೇ ಗೋಳು. ಇಳಿಯುವಾಗ ವಾಪಸ್ ದಾರಿ ಬೇರೆ, ಅದಕ್ಕೇ ಜೋರು.

ಖಾತ್ರಿಗೆ, ಡ್ರೈವರ್ ಸ್ವಿಚ್ಚಿನ ಕಪ್ಲರಲ್ಲಿ ಅರ್ತ್ ಪಿನ್ನಿಗೂ ಎಡ ಗ್ಲಾಸಿನ 'ಕೆಳಕ್ಕೆ' ವೈರಿಗೂ ನಡುವೆ ಅಳೀರಿ. ಅಲ್ಲೇ 4 ಹತ್ತಿರ ಬಂದರೆ ಸ್ವಿಚ್. ಅಲ್ಲಿ ಕಮ್ಮಿ ಬಂದರೆ ಬಾಗಿಲಿಗೂ ಅದು ಕೂರೋ ಪಿಲ್ಲರಿಗೂ ನಡುವಿನ ರಬ್ಬರ್ ಕೊಳವೆ ಒಳಗೆ ವೈರ್ ಎಳೆ ತುಂಡಾಗಿರಬಹುದು. ಬಾಗಿಲು ತೆರೆದು ಮುಚ್ಚಿ ವೈರ್ ಮಡಿಚೋದು ಅಲ್ಲೇ.

ಪ್ರಶ್ನೆ ಕೇಳಿದವರು: 4.0 ಬಂತು! ಸ್ವಿಚ್ ಬಿಚ್ಚಿ ಉಜ್ಜಿದರೆ ಸಾಕಾ, ಹೊಸದೇ ಹಾಕಬೇಕಾ?

ಉತ್ತರ (ಎಲೆಕ್ಟ್ರಿಷಿಯನ್): ಮೋಟಾರ್ 6 ಆಂಪಿಯರ್ ಎಳೆದರೂ 4 ವೋಲ್ಟ್ ಅಂದರೆ ಆ ಸಣ್ಣ ಚುಕ್ಕೆಯಲ್ಲಿ 24 ವ್ಯಾಟ್ ಶಾಖ. ಪ್ಲಾಸ್ಟಿಕ್ ಕರಗಿದ್ದರೆ, ಕಾಂಟ್ಯಾಕ್ಟ್ ವಾಲಿದ್ದರೆ ಹೊಸದೇ ಗತಿ. ಬರೀ ಕಪ್ಪಾಗಿದ್ದರೆ ಉಳಿಯುತ್ತೆ. ಬ್ಯಾಟರಿ ಮೈನಸ್ ತೆಗೆದು, ಸ್ವಿಚ್ಚನ್ನ ಪಾರದರ್ಶಕ ಪ್ಲಾಸ್ಟಿಕ್ ಕವರ್ ಒಳಗೆ ಇಟ್ಟು ಬಿಚ್ಚಿ, ಇಲ್ಲದಿದ್ರೆ ಸಣ್ಣ ಸ್ಪ್ರಿಂಗ್ ಹಾರಿ ಮೂಲೆ ಸೇರುತ್ತೆ. 1000 ನಂಬರ್ ಎಮರಿ ಪೇಪರ್ ಸಣ್ಣ ಪಟ್ಟಿ ಮಾಡಿ ಎರಡು ಮೂರು ಸಲ ಎಳೀರಿ, ಆಮೇಲೆ ಕಾಂಟ್ಯಾಕ್ಟ್ ಕ್ಲೀನರ್. ಅರ ಹಾಕಬೇಡಿ, ಮೇಲಿನ ತೆಳು ಬೆಳ್ಳಿ ಪದರ ಹೋದರೆ ಮತ್ತೆ ಬೇಗ ಸುಡುತ್ತೆ. ಜೋಡಿಸಿ ಮತ್ತೆ ಅಳೀರಿ. ಅರ್ಧ ವೋಲ್ಟಿಗಿಂತ ಕೆಳಗಿದ್ದರೆ ಸರಿ.

ಇನ್ನೊಬ್ಬ ಸದಸ್ಯರು: ನಮ್ಮದು ಕತ್ತರಿ ಥರದ ಮೆಷಿನ್, ಮೋಟಾರ್ ಮಾತ್ರ ಬಿಚ್ಚಬಹುದಾ?

ಉತ್ತರ (ಬಾಗಿಲು, ಬೀಡಿಂಗ್ ಕೆಲಸದವರು): ಹಾಗೇ ಬಿಚ್ಚಬೇಡಿ. ಕತ್ತರಿ ಮೆಷಿನ್ನಿಗೆ ಸುರುಳಿ ಸ್ಪ್ರಿಂಗ್ ಇದ್ದರೆ, ಮೋಟಾರ್ ತೆಗೆದ ಕೂಡಲೇ ತೋಳು ಬಡಿಯುತ್ತೆ, ಬೆರಳು ಹೋಗುತ್ತೆ. ಮೊದಲು ತೋಳಿಗೂ ತಗಡಿಗೂ ಬೋಲ್ಟ್ ಹಾಕಿ ಲಾಕ್ ಮಾಡಿ. ಗ್ಲಾಸನ್ನ ಮೇಲೆತ್ತಿ ಮಾಸ್ಕಿಂಗ್ ಟೇಪಿನಿಂದ ಫ್ರೇಮ್ ಮೇಲಿಂದ ಎರಡೂ ಕಡೆ ಎಳೆದು ಅಂಟಿಸಿ. ಹಳೆ ಮೆಷಿನ್ ಕೈಯಲ್ಲೇ ತಗೊಂಡು ಅಂಗಡಿಗೆ ಹೋಗಿ, ಎಡಕ್ಕೂ ಬಲಕ್ಕೂ ಬೇರೆ ಬೇರೆ.

ಮಂಡ್ಯದವರಿಗೂ ಒಂದು ಮಾತು: ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನ ಮೊದಲಿದ್ದ ಜಾಗಕ್ಕೇ ಬ್ಯುಟೈಲ್ ಟೇಪಲ್ಲಿ (ಅಂಟಂಟಾದ ರಬ್ಬರ್ ಟೇಪ್) ಅಂಟಿಸಿ, ಹರಿದು ಬಿಸಾಡಬೇಡಿ. ಅದಿಲ್ಲದಿದ್ರೆ ಮಳೆನೀರು ಮ್ಯಾಟ್ ಕೆಳಗೆ ನಿಲ್ಲುತ್ತೆ. ಬಾಗಿಲಿನ ಅಡಿಯ ತೂತುಗಳಲ್ಲಿ ಮಣ್ಣು ಕಟ್ಟಿದ್ದರೆ ಅದನ್ನೂ ಕಡ್ಡಿ ಹಾಕಿ ಬಿಡಿಸಿಬಿಡಿ.